ಅಮೆರಿಕದ ನಾಣ್ಯದಲ್ಲಿ ಹಿಂಬದಿ ತಲೆಕೆಳಗಿರುವುದೇ ಸರಿ
ಹಿಂಬದಿ ತಲೆಕೆಳಗಿದ್ದರೆ ಅಪರೂಪದ ನಾಣ್ಯ ಅಂತ ನಾಣ್ಯ ಸಂಗ್ರಹದ ಬಗೆಗಿನ ಒಂದು ಲೇಖನದಲ್ಲಿ ಓದಿದೆ. ಇಷ್ಟೇ ಹೇಳಿದರೆ ಹೊಸಬರು ಮೋಸ ಹೋಗುತ್ತಾರೆ. ಯಾವ ದೇಶದ್ದು, ಯಾವ ಕಾಲದ್ದು ಅಂತ ಮೊದಲು ನೋಡಬೇಕು, ಅಲ್ವಾ? ನಾಣ್ಯದ ಮೇಲಂಚು, ಕೆಳಂಚನ್ನು ಎರಡು ಬೆರಳಲ್ಲಿ ಹಿಡಿದು, ಪುಸ್ತಕದ ಹಾಳೆ ತಿರುವಿದಂತೆ ತಿರುಗಿಸಿ. ನಮ್ಮ ಈಗಿನ ರೂಪಾಯಿಯ ಹಿಂಬದಿ ನೆಟ್ಟಗೆ ಕಾಣಬೇಕು. ಅಮೆರಿಕದ್ದು ತಲೆಕೆಳಗೆ ಕಾಣಬೇಕು. ಅದನ್ನೇ ‘ಎರರ್’ (ತಪ್ಪಾಗಿ ಅಚ್ಚಾದ ನಾಣ್ಯ) ಅಂತ ಯಾರಾದರೂ ಮಾರಿದರೆ ದಯವಿಟ್ಟು ಜಾಸ್ತಿ ದುಡ್ಡು ಕೊಡಬೇಡಿ. ವಿಜಯನಗರದ ವರಾಹ, ಮೊಘಲರ ರೂಪಾಯಿಗಳ ಕಥೆ ಬೇರೆ. ಅವನ್ನು ಕೈಯಿಂದಲೇ ಹೊಡೆದು ಅಚ್ಚು ಹಾಕುತ್ತಿದ್ದರು. ಹಾಗಾಗಿ ಮುಂಬದಿಗೆ ಹೋಲಿಸಿದರೆ ಹಿಂಬದಿ ತಿರುಗಿರುವ ಕೋನ ನಾಣ್ಯದಿಂದ ನಾಣ್ಯಕ್ಕೆ ಬದಲಾಗುವುದು ಸಹಜ. ಯಂತ್ರದ ನಾಣ್ಯದಲ್ಲಿ ಅಚ್ಚು ಸಡಿಲಾಗಿ 90 ಡಿಗ್ರಿಯಷ್ಟು ತಿರುಗಿದ್ದರೆ ಖಂಡಿತ ಎತ್ತಿಡಿ. ಐದಾರು ಡಿಗ್ರಿ ವಾಲಿದ್ದಕ್ಕೆ ಸುಮ್ನೆ ಆಸೆಪಡಬೇಡಿ.