ವಡೆ ಹಿಡಿದ ಕೈಯಲ್ಲಿ ಪುಟ ತಿರುವುವುದು

ಕಣ್ಣಿಗೆ ಚಾಳೀಸು ಬಂದ ವರ್ಷವೇ ಪುಸ್ತಕಗಳ ಅಚ್ಚೆಲ್ಲ ಸಣ್ಣದಾಯಿತು. ಮೊದಮೊದಲು ಪ್ರಕಾಶಕರ ಮೇಲೆ ಸಿಟ್ಟು ಬಂತು, ಕಾಗದ ಉಳಿಸಲು ಅಕ್ಷರ ಕುಗ್ಗಿಸುತ್ತಿದ್ದಾರೆ ಎಂದು. ಆಮೇಲೆ ಇಪ್ಪತ್ತು ವರ್ಷದ ಹಿಂದೆ ಕೊಂಡ ಪುಸ್ತಕವೊಂದನ್ನು ಕಪಾಟಿನಿಂದ ತೆಗೆದು ನೋಡಿದರೆ, ಕೂತಲ್ಲೇ ಅದರ ಅಕ್ಷರವೂ ಕುಗ್ಗಿತ್ತು.

ಕನ್ನಡಕ ಮಾಡಿಸಿದೆ. ಆದರೆ ಕನ್ನಡಕ ಮನೆಯಲ್ಲಿದ್ದ ದಿನ ಪುಸ್ತಕ ಚೀಲದಲ್ಲಿ, ಪುಸ್ತಕ ಮನೆಯಲ್ಲಿದ್ದ ದಿನ ಕನ್ನಡಕ ಚೀಲದಲ್ಲಿ. ಬೆಳಿಗ್ಗೆ ಮೈಸೂರಿನಿಂದ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ, ಸಂಜೆ ಅದೇ ಗಾಡಿಯಲ್ಲಿ ವಾಪಸ್ ಬರುವ ಜನರಲ್ಲಿ ನಾನೂ ಒಬ್ಬ. ದಿನಕ್ಕೆ ಐದು ಗಂಟೆಗೆ ಕಡಿಮೆಯಿಲ್ಲದ ಬಿಡುವು. ಅಷ್ಟು ಹೊತ್ತೂ ಕೈಯಲ್ಲಿ ಇದ್ದೇ ಇರುವುದು ಮೊಬೈಲು ಒಂದೇ. ಅದರಲ್ಲಿ ಅಕ್ಷರ ಬೇಕಾದಷ್ಟು ದಪ್ಪ ಮಾಡಿಕೊಳ್ಳಬಹುದು ಎಂದ ಮೇಲೆ ಇನ್ನೇನು ಬೇಕು?

“ಒಂದು ಆ್ಯಪ್ ಹಾಕ್ಕೋ ಅಪ್ಪ, ಐದು ನಿಮಿಷದ ಕೆಲಸ” ಎಂದಳು ಮಗಳು.

ನಾಲ್ಕು ತಿಂಗಳು ಹಿಡಿಯಿತು.

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ಸದ್ದು ಕೇಳಿ ಆರಿಸುತ್ತಾರೆ. ನಾನೂ ತಟ್ಟಿ ನೋಡಲು ಒಂದು ಉಪಾಯ ಮಾಡಿಕೊಂಡೆ. ಒಂದು ಚಿಕ್ಕ ಫೈಲು ಮಾಡಿ ಅದರಲ್ಲಿ ನಾಲ್ಕೇ ಪದ ಬರೆದಿಟ್ಟೆ: ಸ್ತ್ರೀ, ರಾಷ್ಟ್ರ, ಅರ್ಘ್ಯ, ಜ್ಯೋತ್ಸ್ನಾ. ಯಾವ ಆ್ಯಪ್ ಇಳಿಸಿಕೊಂಡರೂ ಮೊದಲು ಈ ನಾಲ್ವರನ್ನು ಒಳಗೆ ಕಳಿಸುವುದು. ಮೊದಲನೆಯ ಆ್ಯಪ್‌ನಲ್ಲಿ ‘ರಾಷ್ಟ್ರ’ ಒಡೆದೇ ಹೋಯಿತು. ಷ್, ಟ್, ರ ಮೂರೂ ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಒಂದರ ಹಿಂದೆ ಒಂದು ಸಾಲಾಗಿ ನಿಂತಿದ್ದವು, ಒಂದರ ಕೆಳಗೊಂದು ಕೂರಬೇಕೆನ್ನುವ ನೆನಪೇ ಇಲ್ಲದೆ. ಅದನ್ನು ಅವತ್ತೇ ತೆಗೆದು ಹಾಕಿದೆ.

ಎರಡನೆಯದು ನಾಲ್ಕು ಪದಕ್ಕೂ ಪಾಸಾಯಿತು. ಸಂತೋಷದಿಂದ ಕಾದಂಬರಿಯೊಂದನ್ನು ತೆರೆದು ಓದತೊಡಗಿದೆ. ಪ್ರತಿ ಪುಟದ ಕೊನೆಯ ಸಾಲಿಗೆ ಬಂದಾಗ ಮಾತ್ರ ಏನೋ ಎಡವಟ್ಟು. ಹುಡುಗನೊಬ್ಬ ಊರು ಬಿಟ್ಟು ಬರುವ ಸಂದರ್ಭ. ಅವನು ಹಳಿಯಿಂದ ಓಡಿಬಂದ ಎಂದಿತ್ತು. ರೈಲಿನಲ್ಲಿ ಕೂತು ಓದುವವನಿಗೆ ಹಳಿಯಿಂದ ಓಡಿಬರುವುದು ಅಂಥ ಅಸಹಜವಾಗೇನೂ ಕಾಣಲಿಲ್ಲ, ಮುಂದೆ ಹೋದೆ. ಎರಡು ಪುಟದ ನಂತರ ಯಾರೋ ಅಗಸರ ಕಟ್ಟೆಯ ಬಳಿ ಒಂದು ಕತೆಯನ್ನು ಮರಕ್ಕೆ ಕಟ್ಟಿಹಾಕಿದರು. ಆಗ ಹೊಳೆಯಿತು. ಪರದೆಯ ಕೆಳಗಿನ ಅಂಚು ಕೊನೆಯ ಸಾಲಿನ ಒತ್ತಕ್ಷರಗಳನ್ನೆಲ್ಲ ಕೊಯ್ದು ಹಾಕುತ್ತಿತ್ತು. ಹಳ್ಳಿ ಹಳಿಯಾಗಿತ್ತು, ಕತ್ತೆ ಕತೆಯಾಗಿತ್ತು. ಪುಟಕ್ಕೊಂದು ಸಾಲಿನಂತೆ ಇಡೀ ಕಾದಂಬರಿಯಲ್ಲಿ ಎಷ್ಟು ಅಕ್ಕಂದಿರು, ಅತ್ತೆಯರು, ಮಲ್ಲಿಗೆಗಳು ಕಾಲು ಕಳೆದುಕೊಂಡರೋ!

ಇಂಗ್ಲಿಷಿನ ಅಕ್ಷರಕ್ಕೆ ಬಾಲವೊಂದು ಇದ್ದರೆ ಹೆಚ್ಚು. ನಮ್ಮದಕ್ಕೆ ನೆಲಮಾಳಿಗೆ ಉಂಟು, ಕೆಲವಕ್ಕೆ ನೆಲಮಾಳಿಗೆಯ ಕೆಳಗೆ ಇನ್ನೊಂದು ಹಗೇವು. ಅಲ್ಲಿನ ಅಳತೆಗೆ ಕಟ್ಟಿದ ಮನೆಯಲ್ಲಿ ನಾವು ಬಾಡಿಗೆಗೆ ಹೋದರೆ ಸಾಮಾನೆಲ್ಲ ಹಿಡಿಸುವುದು ಹೇಗೆ? ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಸಾಲುಗಳ ನಡುವಿನ ಅಂತರವನ್ನು ಹೆಚ್ಚಿಸಿದ ಮೇಲೆ ಕತ್ತೆಯ ಕಾಲು ಮರಳಿ ಬಂತು. ಅಲ್ಲಿಗೆ ನನಗೆ ಸೆಟ್ಟಿಂಗ್ಸ್‌ನ ರುಚಿ ಹತ್ತಿತು.

ಈ ರುಚಿ ಸಾಮಾನ್ಯದ್ದಲ್ಲ. ಹಿನ್ನೆಲೆಯ ಬಣ್ಣವೇ ಹತ್ತಾರು ಬಗೆ: ಬಿಳಿ, ಕಪ್ಪು, ಹಳೆಯ ಪುಸ್ತಕದ ಮಾಸಲು ಹಳದಿ. ಪುಟ ಮಗುಚುವಾಗ ಕಾಗದ ಸುರುಳಿಯಾದಂತೆ ತೋರಿಸಬೇಕೋ, ಸುಮ್ಮನೆ ಜಾರಬೇಕೋ. ಫಾಂಟುಗಳಂತೂ ಹೂವಿನ ಮಾರುಕಟ್ಟೆಯೇ ಸರಿ, ಕೇದಗೆ ಅಂತ ಒಂದು, ಮಲ್ಲಿಗೆ ಅಂತ ಇನ್ನೊಂದು. ಜತೆಗೆ ಗುಬ್ಬಿ, ನವಿಲು. ಗುಬ್ಬಿಯಲ್ಲಿ ಒಂದು ಪುಟ ಓದಿ, ನವಿಲಿನಲ್ಲಿ ಅದೇ ಪುಟವನ್ನು ಓದಿ, ಕಡೆಗೆ ನೋಟೋ ಎಂಬ ಫಾಂಟಿಗೆ ಬಂದು ನಿಂತೆ. ಎರಡೂ ಅಂಚು ಸಮವಾಗಿರಲಿ ಎಂದು ಒಂದು ದಿನ ಆಸೆಪಟ್ಟೆ. ನನ್ನ ಚಾಳೀಸಿನ ಗಾತ್ರಕ್ಕೆ ಒಂದು ಸಾಲಿಗೆ ಎರಡೋ ಮೂರೋ ಪದ. ಅದರಲ್ಲೂ ‘ಹೇಳಿಕೊಳ್ಳಬೇಕಾಗಿದ್ದಿತೆಂದು’ ಎನ್ನುವಂಥದ್ದು ಬಂತೋ, ಅದಕ್ಕೊಂದು ಸಾಲು ಮೀಸಲು. ಅದರ ಮೇಲಿನ ಸಾಲಿನಲ್ಲಿ ಉಳಿದ ಎರಡು ಬಡಪಾಯಿ ಪದಗಳು ಒಂದು ಈ ತುದಿಗೆ, ಒಂದು ಆ ತುದಿಗೆ, ಜಗಳವಾಡಿದ ಗಂಡಹೆಂಡಿರಂತೆ ಕೂತಿರುತ್ತಿದ್ದವು. ಬಲದ ಅಂಚು ಹೇಗಾದರೂ ಇರಲಿ ಎಂದು ಬಿಟ್ಟುಬಿಟ್ಟೆ.

ಪದದ ಮೇಲೆ ಬೆರಳು ಒತ್ತಿ ಹಿಡಿದರೆ ಅರ್ಥ ಹೇಳುವ ಸೌಕರ್ಯವೂ ಇತ್ತು. ‘ಹೊಗಳಿಸಿಕೊಳ್ಳುವವರಿಗೆ’ ಎಂಬಲ್ಲಿ ಒತ್ತಿದೆ. ನಿಘಂಟಿನಲ್ಲಿ ಇರುವುದು ‘ಹೊಗಳು’. ಅದಕ್ಕೆ ಅಂಟಿಕೊಂಡ ಇಷ್ಟು ದೊಡ್ಡ ಮೆರವಣಿಗೆಯನ್ನು ಕಂಡು ಅದು ಗಾಬರಿಯಾಗಿ, ಇಂಥ ಪದವೇ ಇಲ್ಲ ಎಂದುಬಿಟ್ಟಿತು.

ಇಷ್ಟರಲ್ಲಿ ಪರಿಚಯದವರೊಬ್ಬರು “ಅಪರೂಪದ್ದು, ಎಲ್ಲೂ ಸಿಗೋದಿಲ್ಲ” ಎಂದು ವಾಟ್ಸ್ಆ್ಯಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದರು. ಪಿಡಿಎಫ್ ಹುಟ್ಟಿದ್ದು 1993ರಲ್ಲಿ. ಎಲ್ಲಿ ತೆರೆದರೂ ಪುಟ ಇದ್ದ ಹಾಗೇ ಕಾಣುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಅಂಗೈಯಗಲದ ಮೊಬೈಲಿನಲ್ಲೂ ಅದು ಇದ್ದ ಹಾಗೇ ಕಂಡಿತು, ಇಡೀ ಪುಟ, ಸಾಸಿವೆ ಚೆಲ್ಲಿದಂತೆ. ಹಿಗ್ಗಿಸಿದರೆ ಅರ್ಧ ಸಾಲು ಮಾತ್ರ ಪರದೆಯೊಳಗೆ. ಎಡದಿಂದ ಬಲಕ್ಕೆ ಎಳೆಯುವುದು, ಮತ್ತೆ ಎಡಕ್ಕೆ ತರುವುದು, ಒಂದು ಗೆಣ್ಣು ಕೆಳಗೆ ಸರಿಸುವುದು. ಮದ್ದೂರಿಗೆ ಬರುವ ಹೊತ್ತಿಗೆ ಎರಡು ಪುಟ ಉತ್ತು ಮುಗಿಸಿದ್ದೆ. ಕಿಟಕಿಯಾಚೆ ನಿಜವಾಗಿ ಉಳುತ್ತಿದ್ದವರ ಟ್ರ್ಯಾಕ್ಟರು ನನಗಿಂತ ಎಷ್ಟೋ ಮುಂದಿತ್ತು.

ಆ ಪಿಡಿಎಫ್‌ನಲ್ಲಿ ಒಂದು ಹೆಸರನ್ನು ಹುಡುಕೋಣವೆಂದರೆ ಸಿಗಲಿಲ್ಲ, ಕಣ್ಣೆದುರಿಗೇ ಇದ್ದರೂ. ಒಂದು ಸಾಲನ್ನು ಎತ್ತಿ ಬೇರೆ ಕಡೆ ಅಂಟಿಸಿದರೆ ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ದಂಡು ಬಂತು. ಇದು ಹಳೆಯ ರಗಳೆ. ಒಂದೊಂದು ಲಿಪಿಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತಾದರೂ ನಮ್ಮ ಅಚ್ಚಿನ ಮನೆಗಳು ಬಹುಕಾಲ ನಡೆದದ್ದು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟುಗಳಲ್ಲಿ. ನೋಡುವ ಕಣ್ಣಿಗೆ ಅದು ಕನ್ನಡ, ಮೊಬೈಲಿನ ಮಟ್ಟಿಗೆ ಬರೀ ವೇಷ.

ಇ-ಪುಸ್ತಕಕ್ಕೆಂದೇ ಇರುವ ಇಪಬ್ ಎಂಬ ಬಗೆಯ ಫೈಲು ಹಾಗಲ್ಲ, ಸುರಿದ ಪಾತ್ರೆಯ ಆಕಾರಕ್ಕೆ ಹೊಂದಿಕೊಳ್ಳುತ್ತದೆ. 2007ರಿಂದ ರೂಢಿಗೆ ಬಂದ ಈ ಫೈಲು ಒಳಗೆ ನೋಡಿದರೆ ಒಂದು ಜಿಪ್ ಗಂಟು, ಗಂಟು ಬಿಚ್ಚಿದರೆ ಅಧ್ಯಾಯಕ್ಕೊಂದರಂತೆ ವೆಬ್ ಪುಟಗಳು. ಬಿಚ್ಚಿ ನೋಡಿದ್ದೇಕೆ ಎಂದು ಕೇಳಬೇಡಿ. ಓದುವುದೊಂದನ್ನು ಬಿಟ್ಟು ಉಳಿದೆಲ್ಲ ಮಾಡುತ್ತಿದ್ದ ಕಾಲವದು.

ಇನ್ನು ಪುಸ್ತಕ ಎಲ್ಲಿಂದ ತರುವುದು ಎಂಬುದು ಬೇರೆಯೇ ಕತೆ. (ಕತೆಯೇ, ಒತ್ತು ಹಾರಿಲ್ಲ.) ಅಮೆಜಾನ್‌ನವರ ಇ-ಪುಸ್ತಕದ ಅಂಗಡಿ ಕಿಂಡಲ್ 2016ರ ಕೊನೆಯಲ್ಲಿ ಭಾರತದ ಐದು ಭಾಷೆಗಳಿಗೆ ಬಾಗಿಲು ತೆರೆಯಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ. ಎಲೆ ಹಾಕಿಕೊಂಡು ಪಂಕ್ತಿಯಲ್ಲಿ ಕೂತವರಿಗೆ, ಆಚೆ ಈಚೆಯವರಿಗೆಲ್ಲ ಬಡಿಸಿ ನಮ್ಮ ಎಲೆಯನ್ನು ದಾಟಿಕೊಂಡು ಹೋದಂತಾಯಿತು. ಸದ್ಯ, ನಮ್ಮವರು ಕೈಕಟ್ಟಿ ಕೂರಲಿಲ್ಲ, ಬೇರೆ ಒಲೆ ಹೂಡಿದರು. ಮೈಲ್ಯಾಂಗ್‌ನಲ್ಲಿ ಕನ್ನಡದ ಇ-ಪುಸ್ತಕವೂ ಸಿಗುತ್ತದೆ, ಕೇಳುವ ಪುಸ್ತಕವೂ ಸಿಗುತ್ತದೆ. ಋತುಮಾನದವರದ್ದೂ ಒಂದು ಆ್ಯಪ್ ಇದೆ. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕ ಕೊಳ್ಳಬಹುದು. ಹಳೆಯದು ಬೇಕೆಂದರೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿಟ್ಟ ಪುಸ್ತಕಗಳನ್ನು ಕನ್ನಡದಲ್ಲೇ ಹುಡುಕಿಕೊಡುವ ಪುಸ್ತಕ ಸಂಚಯವೆಂಬ ಜಾಲತಾಣವಿದೆ. ಕಂಪ್ಯೂಟರಿನಲ್ಲಿ ಫೈಲಿನ ಜಾತಿ ಬದಲಿಸಲು ಕ್ಯಾಲಿಬರ್ ಎಂಬ ತಂತ್ರಾಂಶ. ಅದನ್ನು 2006ರಲ್ಲಿ ಬರೆಯಲು ಹಿಡಿದವರ ಹೆಸರು ಕೋವಿಡ್ ಗೋಯಲ್. ಆ ಹೆಸರು ಕೇಳಿ ಜನ ಮೂಗು ಮುಚ್ಚಿಕೊಳ್ಳುವ ಕಾಲಕ್ಕಿಂತ ಎಷ್ಟೋ ಮೊದಲಿನ ಮಾತು.

ಕೊಂಡ ಪುಸ್ತಕ ನಮ್ಮದೇ ಎನ್ನುವ ನಂಬಿಕೆಗೂ ಒಂದು ಪೆಟ್ಟು ಬಿದ್ದಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ, ಮಾರಿದ್ದ ಪುಸ್ತಕಗಳೂ ಓದುಗರ ಕೈತಪ್ಪಿದವು. ದುಡ್ಡೇನೋ ವಾಪಸ್ ಕೊಟ್ಟರು. ಆದರೂ ಅಂಗಡಿ ಎತ್ತಿದವನು ನಮ್ಮ ಅಡುಗೆಮನೆಗೆ ಬಂದು, ಹೋದ ತಿಂಗಳು ಮಾರಿದ ಬೆಲ್ಲದ ಡಬ್ಬಿಯನ್ನೂ ಹೊತ್ತುಕೊಂಡು ಹೋದರೆ ಹೇಗಿರುತ್ತದೆ? ಅರ್ಧ ಉಂಡೆ ತಿಂದಾಗಿತ್ತು ಎಂದರೆ? ಹಾಗಾಗಿ ನನ್ನ ಮೊಬೈಲಿನಲ್ಲೇ ಇರುವ ಫೈಲನ್ನು, ಯಾರ ಅಪ್ಪಣೆಯನ್ನೂ ಕೇಳದೆ ತೆರೆದು ತೋರಿಸುವ ಆ್ಯಪ್ ಸಾಕು ಎಂದುಕೊಂಡೆ. ಅಲ್ಲಿಗೆ ಎಫ್‌ಬಿರೀಡರ್, ಮೂನ್ ಪ್ಲಸ್, ರೀಡ್‌ಎರಾ ಇಂಥವು ಉಳಿದವು.

ಒಂದು ರಾತ್ರಿ ಊಟ ಬಡಿಸುತ್ತಾ ನನ್ನವಳು ಕೇಳಿದಳು, “ನಾಲ್ಕು ತಿಂಗಳಿಂದ ಅದನ್ನೇ ಹಿಡ್ಕೊಂಡಿದೀರಲ್ಲ, ಏನೇನು ಓದಿದ್ರಿ?”

ಲೆಕ್ಕ ಹಾಕಿದೆ. ಒಂದೇ ಕಾದಂಬರಿಯ ಮೊದಲ ಪುಟವನ್ನು ಏಳು ಆ್ಯಪ್‌ಗಳಲ್ಲಿ, ಐದು ಫಾಂಟಿನಲ್ಲಿ, ಮೂರು ಬಣ್ಣದ ಮೇಲೆ ಓದಿದ್ದೆ. ಬಾಯಿಪಾಠ ಒಪ್ಪಿಸಬಲ್ಲೆ. ಎರಡು ಅಧ್ಯಾಯದಾಚೆ ಏನಿದೆ ಎಂದು ಗೊತ್ತಿರಲಿಲ್ಲ. “ಇನ್ನೂ ಆರಿಸ್ತಾ ಇದೀನಿ” ಎಂದೆ. ಅವಳು ಸಾರಿನ ಸೌಟನ್ನು ಸ್ವಲ್ಪ ಜೋರಾಗಿಯೇ ಪಾತ್ರೆಗೆ ಹಾಕಿದಳು.

ಕಡೆಗೆ ತೀರ್ಮಾನ ಮಾಡಿದ್ದು ಮದ್ದೂರು ವಡೆ. ಸಂಜೆಯ ಗಾಡಿಯಲ್ಲಿ ವಡೆಯವನು ಬಂದಾಗ ಬೇಡ ಎನ್ನುವುದು ನನ್ನಿಂದ ಆಗದ ಕೆಲಸ. ರವೆ, ಅಕ್ಕಿಹಿಟ್ಟು, ಮೈದಾಕ್ಕೆ ಈರುಳ್ಳಿ ಹಾಕಿ ಚಪ್ಪಟೆ ತಟ್ಟಿ ಗರಿಗರಿಯಾಗಿ ಕರಿದದ್ದು, ಕಾಗದದಲ್ಲಿಟ್ಟು ಕೊಟ್ಟರೆ ಕಾಗದ ಕ್ಷಣದಲ್ಲಿ ಪಾರದರ್ಶಕ. ಆ ಬೆರಳಿನಲ್ಲಿ ಪರದೆ ಮುಟ್ಟಿದರೆ ಒಮ್ಮೆ ಒಂದೂ ಪುಟ ತಿರುಗದು, ಒಮ್ಮೆ ಮೂರು ಪುಟ ಹಾರಿ ಹೋಗುವುದು. ಎಡದ ಅಂಚಿನಲ್ಲಿ ಬೆರಳು ಜಾರಿದರೆ ಬೆಳಕು ಏರಿಳಿಯುವ ಸೌಕರ್ಯವನ್ನು ಆ್ಯಪ್ ಮಾಡಿದವರು ಯಾಕೆ ಇಟ್ಟಿದ್ದರೋ, ಜಿಡ್ಡಿನ ಹೆಬ್ಬೆರಳು ತಾಗಿ ಕತ್ತಲೆ ಕವಿದು, ಬೆಳಕು ತರುವ ಗೀಟು ಎಲ್ಲಿದೆ ಎಂದು ಆ ಕತ್ತಲಲ್ಲೇ ತಡಕಾಡಿದ್ದೆ.

ಹಾಗೆ ತಡಕಾಡುವಾಗಲೇ ಸೆಟ್ಟಿಂಗ್ಸ್‌ನ ಒಂದು ಮೂಲೆಯಲ್ಲಿ ಅದು ಕಂಡದ್ದು: ವಾಲ್ಯೂಮ್ ಬಟನ್ನಿನಿಂದ ಪುಟ ತಿರುವಿ. ಬಲಗೈಗೆ ವಡೆ, ಎಡಗೈಗೆ ಮೊಬೈಲು. ಎಡಗೈಯ ಬೆರಳು ಪಕ್ಕದ ಬಟನ್ನನ್ನು ಒಮ್ಮೆ ಒತ್ತಿದರೆ ಮುಂದಿನ ಪುಟ. ಪರದೆಗೆ ಎಣ್ಣೆಯ ಸೋಂಕಿಲ್ಲ. ಅವತ್ತೇ ರೀಡ್‌ಎರಾ ಒಂದನ್ನು ಉಳಿಸಿಕೊಂಡು ಬೇರೆಯವನ್ನೆಲ್ಲ ಅಳಿಸಿದೆ. ಇದರಲ್ಲಿ ಜಾಹೀರಾತು ಬರುವುದಿಲ್ಲ, ಖಾತೆ ತೆರೆ ಎಂದು ಪೀಡಿಸುವುದಿಲ್ಲ ಎಂಬ ಕಾರಣಗಳನ್ನು ಕೇಳಿದವರಿಗೆ ಹೇಳುತ್ತೇನೆ. ವಡೆಯ ವಿಷಯ ಹೇಳುವುದಿಲ್ಲ.

ಮೊನ್ನೆ ಸಂಜೆ ಕಾದಂಬರಿ ಒಳ್ಳೆಯ ಘಟ್ಟಕ್ಕೆ ಬಂದಿತ್ತು. ಗಾಡಿ ರಾಮನಗರ ದಾಟಿತ್ತು. ಹಣ್ಣಾದ ಮುದುಕಿಯೊಬ್ಬಳು ಮಗನ ಮನೆಯ ಜಗಲಿ ಇಳಿದು, ರಾತ್ರಿಯಲ್ಲಿ ಒಬ್ಬಳೇ ಹೊಳೆಯ ದಾರಿ ಹಿಡಿದಿದ್ದಾಳೆ. ಪುಟಕ್ಕೆ ಎಂಟೇ ಸಾಲು ಹಿಡಿಯುವ ನನ್ನ ಅಕ್ಷರದ ಗಾತ್ರಕ್ಕೆ ಬಟನ್ನು ಮೇಲಿಂದ ಮೇಲೆ ಒತ್ತಬೇಕಾಗುತ್ತದೆ. ಒತ್ತಿದೆ.

“ಸಾರ್, ಒಂದ್ನಿಮಿಷ.”

ಪಕ್ಕದಲ್ಲಿ ಕೂತಿದ್ದವರು. ನನಗಿಂತ ಹತ್ತು ವರ್ಷ ಹಿರಿಯರಿರಬೇಕು, ತೊಡೆಯ ಮೇಲೆ ಟಿಫಿನ್ ಕ್ಯಾರಿಯರಿನ ಚೀಲ. ಕೆಂಗೇರಿಯಿಂದ ಕಣ್ಣು ಮುಚ್ಚಿಕೊಂಡಿದ್ದಾರೆ ಎಂದೇ ನಾನು ತಿಳಿದಿದ್ದೆ.

“ತಪ್ಪು ತಿಳ್ಕೋಬೇಡಿ. ಅಷ್ಟು ದಪ್ಪ ಅಕ್ಷರ, ಕಣ್ಣಿಗೆ ಬೀಳ್ದೆ ಇರಲ್ಲ ನೋಡಿ. ಹಿಂದಿನ ಪುಟ ಒಂಚೂರು ಹಾಕ್ತೀರಾ? ಆಯಮ್ಮ ಲಾಟೀನು ತಗೊಂಡ್ಳೋ ಇಲ್ವೋ ಗೊತ್ತಾಗ್ಲಿಲ್ಲ.”

ಮೇಲಿನ ಬಟನ್ನು ಒತ್ತಿದೆ. ಇಬ್ಬರೂ ನೋಡಿದೆವು. ತೆಗೆದುಕೊಂಡಿರಲಿಲ್ಲ. ಮೊಬೈಲನ್ನು ಇಬ್ಬರ ನಡುವೆ ಬರುವ ಹಾಗೆ ಹಿಡಿದೆ. ಮದ್ದೂರಿನಲ್ಲಿ ವಡೆಯವನು ಹತ್ತಿದಾಗ ಎರಡು ತೆಗೆದುಕೊಂಡೆ. ಆಮೇಲೆ ಅವರು “ಹ್ಞೂಂ” ಅಂದ ಮೇಲೆಯೇ ಪುಟ ತಿರುವಿದೆ.