ಜೀಪು ಬಂದರೆ ಮಳೆ

ಮೊನ್ನೆ ನಮ್ಮೂರ ಪಕ್ಕದ ಜಲ್ಲಿ ಕ್ರಷರ್‌ನಲ್ಲಿ ಮಳೆ ಬಂತು. ಮೋಡ ಇರಲಿಲ್ಲ, ಗುಡುಗೂ ಇರಲಿಲ್ಲ. ತಪಾಸಣೆಯ ಜೀಪು ಇತ್ತು. ಅದು ಗೇಟು ದಾಟಿದ್ದೇ ತಡ, ಕನ್ವೇಯರ್ ಮೇಲಿನ ಧೂಳು ಅಡಗಿಸುವ ಸ್ಪ್ರಿಂಕ್ಲರ್‌ಗಳೆಲ್ಲ ಜಿಟಿಜಿಟಿ ಶುರು ಮಾಡಿದವು. ಒಂದು ಮಾತ್ರ ಸುಮ್ಮನಿತ್ತು. ಅದರ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಆ ಧೂಳಲ್ಲಿ ಮಣ್ಣು ಕಲಸೋಕೆ ಅದಕ್ಕೆ ನೀರು ಎಲ್ಲಿ ಸಿಕ್ಕಿತೋ, ನಮ್ಮ ವಾಟರ್‌ಮ್ಯಾನ್ ಹೋಗಿ ಕೇಳಿಕೊಂಡು ಬರಬೇಕು. ಟೀ ಆಯಿತು, ಸಹಿ ಆಯಿತು, ಜೀಪು ತಿರುವು ದಾಟಿತು. ಮಳೆ ನಿಂತಿತು.

ಋಷ್ಯಶೃಂಗರು ಕಾಲಿಟ್ಟ ಕಡೆ ಮಳೆ ಬರುತ್ತಿತ್ತಂತೆ. ಬರ ಬಿದ್ದಾಗ ಶೃಂಗೇರಿ ಹತ್ತಿರದ ಕಿಗ್ಗದಲ್ಲಿರುವ ಅವರ ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸುವುದು ನಮ್ಮಲ್ಲಿ ಹಳೇ ರೂಢಿ. ಮಂತ್ರಿಗಳೂ ಹೋಗುತ್ತಾರೆ. ಅಷ್ಟು ದೂರ ಯಾಕೆ ಸ್ವಾಮಿ? ಈ ಜೀಪನ್ನೇ ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಒಂದು ಸುತ್ತು ಹೊಡೆಸಿ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಜಿಲ್ಲೆಗಳು. ಡೀಸೆಲ್‌ಗೆ ಚಂದಾ ಎತ್ತುತ್ತೇವೆ. ಡ್ರೈವರ್‌ಗೆ ಪೂರ್ಣಕುಂಭ ಸ್ವಾಗತವೂ ಇರುತ್ತದೆ. ಕುಂಭ ಖಾಲಿ ಇರುತ್ತದೆ, ಬೇಜಾರು ಮಾಡ್ಕೋಬಾರದು ಅಷ್ಟೆ.

ಕಾನೂನಿಗೇನೂ ಕೊರತೆ ಇಲ್ಲ ಬಿಡಿ. ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಧೂಳು 600 ಮೈಕ್ರೋಗ್ರಾಂ ಮೀರಬಾರದು. ಗಾಳಿ ತಡೆಯುವ ಗೋಡೆ ಇರಬೇಕು. ನೆಲ ಗುಡಿಸಿ ನೀರು ಚಿಮುಕಿಸುತ್ತಿರಬೇಕು. ಅಜ್ಜಿ ಮನೆ ಅಂಗಳದ ಹಾಗೆ. ರಂಗೋಲಿ ಒಂದು ಮರೆತುಹೋಗಿದೆ.

ಹಾಗಂತ ಕ್ರಷರ್‌ನಲ್ಲಿ ನೀರಿಲ್ಲ ಅಂದುಕೊಳ್ಳಬೇಡಿ. ಹಿಂದುಗಡೆ ಹೋಗಿ ನೋಡಿ, ಕಲ್ಲು ಪುಡಿ ಮಾಡಿದ ಮರಳಿಗೆ, ಅಂದರೆ ಎಂ-ಸ್ಯಾಂಡ್‌ಗೆ ಹಗಲು ರಾತ್ರಿ ಅಭ್ಯಂಜನ. ನುಣ್ಣನೆ ಪುಡಿ ಜಾಸ್ತಿ ಉಳಿದರೆ ಗಾರೆ ಕೆಲಸಕ್ಕೆ ಆಗಲ್ಲ, ರೇಟು ಬೀಳುತ್ತದೆ. ಅದಕ್ಕೇ ಸಾವಿರ ಅಡಿ ಕೆಳಗಿನ ನೀರೆತ್ತಿ ತೊಳೆಯುತ್ತಾರೆ. ಧೂಳಿಗೆ ಹಾಕಿದ ನೀರಿಗೆ ಯಾರೂ ದುಡ್ಡು ಕೊಡಲ್ವಲ್ಲ. ತೊಳೆದ ನೀರು ತಿಳಿಯಾಗಿ ಮತ್ತೆ ಬಳಕೆಗೆ ಬರಲಿ ಅಂತ ತೊಟ್ಟಿಯನ್ನೂ ಕಟ್ಟಿಸಿದ್ದಾರೆ. ಅದರ ತುಂಬ ಕೆಸರು ಗಟ್ಟಿಯಾಗಿ, ಮೇಲೆ ಎಕ್ಕದ ಗಿಡ ಎದ್ದಿದೆ. ಹಸಿರು ಪಟ್ಟಿ ಅನ್ನುತ್ತಾರಲ್ಲ, ಅದೇ ಇರಬೇಕು. ಬೂದು ಬಣ್ಣದ ನೀರು ಸೀದಾ ರಾಜಕಾಲುವೆ ಹಿಡಿದು ಕೆರೆಗೆ. ಒಣಗಿದರೆ ಸಿಮೆಂಟ್ ಬಳಿದ ಹಾಗೆ ಪದರ. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಕಾವೇರಿ ನೀರಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಹಾಕಿದರು. ಪಾಪ, ಅವರು ಕಾರಿನ ಬದಲು ಕಲ್ಲು ತೊಳೆಯಬೇಕಿತ್ತು.

ಇನ್ನು ನೀರಿನ ಸಂರಕ್ಷಣೆ. ಕಲ್ಲು ತೆಗೆದ ಗುಂಡಿಗೆ ಕಾಗದದ ಮೇಲೆ ‘ಮಳೆನೀರು ಸಂಗ್ರಹ ಹೊಂಡ’ ಅಂತ ಹೆಸರು. ಎಷ್ಟು ಚಂದ! ನೆಟ್ಟಗೆ ಕಡಿದ ಬಂಡೆ, ಕಾಲೂರಲು ಜಾಗವಿಲ್ಲ, ಸುತ್ತ ಬೇಲಿಯಿಲ್ಲ. ಬೇಸಿಗೆ ರಜೆಯಲ್ಲಿ ಈಜಲು ಇಳಿದ ಹುಡುಗರು ಮೇಲೆ ಬರುವುದಿಲ್ಲ. ಪ್ರತಿ ವರ್ಷ ಎಲ್ಲೋ ಒಂದು ಕಡೆ ಇದೇ ಸುದ್ದಿ, ಪೇಪರಿನ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು. ಒಂದು ಸುತ್ತು ಮುಳ್ಳುತಂತಿ ಹಾಕೋಕೆ ಏನು ರೋಗ? ಇದರಲ್ಲಿ ತಮಾಷೆ ಮಾಡೋಕೆ ನನಗೆ ಬರ್ತಿಲ್ಲ.

ನಿನ್ನೆ ನಮ್ಮ ಬೀದಿಗೆ ಟ್ಯಾಂಕರ್ ಬಂತು, ಎಂಟು ದಿನದ ಮೇಲೆ. ಅದರ ಮೇಲೆ ಬ್ಯಾನರ್: ‘ಕ್ರಷರ್ ಮಾಲೀಕರ ವತಿಯಿಂದ ಉಚಿತ ಕುಡಿಯುವ ನೀರು’. ಬಿಂದಿಗೆ ಹಿಡಿದು ಸಾಲಲ್ಲಿ ನಿಂತೆ. ಫೋಟೋ ತೆಗೆಯುವವನು ಸ್ವಲ್ಪ ನಗಿ ಸಾರ್ ಅಂದ.