ಬೆಂಚಿನ ಬಣ್ಣ ತಮ್ಮ ಆಯ್ಕೆ

ಬಡಾವಣೆಯ ಭವಿಷ್ಯವನ್ನು ನಿವಾಸಿಗಳೇ ರೂಪಿಸಬೇಕೆಂದು ಯೋಜನಾ ಕಚೇರಿಯವರು ಪಣ ತೊಟ್ಟಿದ್ದಾರೆ. ಆ ಭವಿಷ್ಯದ ನಕ್ಷೆಯನ್ನು ಅವರು ಮೊದಲೇ ಬರೆದು, ಬಣ್ಣ ತುಂಬಿ, ಗಾಜಿನ ಚೌಕಟ್ಟು ಹಾಕಿಸಿಟ್ಟಿದ್ದರಿಂದ ನಮ್ಮ ಕೆಲಸ ಬಹಳ ಹಗುರವಾಯಿತು. ಅಹವಾಲು ಸಭೆಯ ಪ್ರಕಟಣೆಯನ್ನು ನಿಯಮದಂತೆ ಸೂಚನಾ ಫಲಕಕ್ಕೆ ಅಂಟಿಸಲಾಗಿತ್ತು. ಫಲಕವಿದ್ದ ಕೋಣೆಗೆ ಬೀಗ ಹಾಕಿದ್ದು ಫಲಕದ ಸುರಕ್ಷತೆಗಾಗಿ. ಸಭೆಯನ್ನು ಕೆಲಸದ ದಿನ ಬೆಳಿಗ್ಗೆ 11 ಗಂಟೆಗೆ ಇಟ್ಟುಕೊಂಡಿದ್ದರಲ್ಲೂ ದೂರದೃಷ್ಟಿಯಿತ್ತು. ದುಡಿಯಲು ಹೋಗುವವರು, ಓದಲು ಹೋಗುವವರು, ಮನೆಯಲ್ಲಿ ಕೂಸು ಹಿಡಿದು ಕೂತವರು ಯಾರೂ ಬರಲಾಗದ ಹೊತ್ತಿನಲ್ಲಲ್ಲವೇ ಚರ್ಚೆ ಶಾಂತವಾಗಿ ನಡೆಯುವುದು?

ಗೋಡೆಗೆ ತೂಗುಹಾಕಿದ್ದ ನಕ್ಷೆಯ ಪ್ರಮಾಣ 1:10,000. ಅಂದರೆ ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ 10 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಪೆನ್ನಿನಲ್ಲಿ ರಸ್ತೆಯ ಅಂಚು ಎಳೆದರೆ ಆ ಗೆರೆಯೊಂದೇ 5 ಮೀಟರ್ ನೆಲ ನುಂಗುತ್ತದೆ. ಅಂಗಳ, ಮೆಟ್ಟಿಲು, ಮುಂಬಾಗಿಲು ಎಲ್ಲವೂ ಅದರ ಹೊಟ್ಟೆಯೊಳಗೆ ಸಲೀಸಾಗಿ ಹಿಡಿಸುತ್ತವೆ. ನಮ್ಮ ಬೀದಿಯ ಅಜ್ಜಿಯೊಬ್ಬರು ಕನ್ನಡಕ ಒರೆಸಿ ಒರೆಸಿ ಬಹಳ ಹೊತ್ತು ನೋಡಿ, "ಈ ಹಸಿರು ಬಣ್ಣ ಬಳಿದಿರೋ ಕಡೆ ನಮ್ಮ ಮನೆ ಇದೆಯಲ್ಲಪ್ಪಾ?" ಎಂದು ಕೇಳಿದರು. ಅಧಿಕಾರಿಗಳು ಎಳ್ಳಷ್ಟೂ ಸಿಡುಕದೆ ಉತ್ತರಿಸಿದರು: "ಮನೆ ಈಗಿನದಮ್ಮಾ. ನಕ್ಷೆ ಮುಂದಿನದು."

ಬಳಿಕ ನಮ್ಮೆಲ್ಲರ ಕೈಗೂ ಬಣ್ಣದ ಚೀಟಿಗಳು ಬಂದವು. ರಸ್ತೆ ಎಷ್ಟು ಅಗಲವಾಗಬೇಕು, ವಾಣಿಜ್ಯ ವಲಯ ಎಲ್ಲಿಯವರೆಗೆ ಚಾಚಬೇಕು, ಮಳೆನೀರು ಎತ್ತ ಹರಿಯಬೇಕು ಎಂಬಂಥ ತಲೆನೋವುಗಳನ್ನು ತಜ್ಞರು ನಮ್ಮ ಮೇಲೆ ಹೊರಿಸದೆ ತಾವೇ ತೀರಿಸಿಬಿಟ್ಟಿದ್ದರು. ನಮಗೆಂದು ಉಳಿಸಿದ್ದು ಉದ್ಯಾನದ ಬೆಂಚಿನ ಬಣ್ಣ: ಹಸಿರೋ, ನೀಲಿಯೋ? ಚರಂಡಿ ಯಾವ ಮೂಲೆಯಲ್ಲಿ ಉಕ್ಕುತ್ತದೆಂದು ಪ್ರತಿ ಮಳೆಗಾಲ ಮೊಣಕಾಲುದ್ದ ನೀರಿನಲ್ಲಿ ನಿಂತು ಕಲಿತವರು, ಶಾಲೆ ಬಿಟ್ಟಾಗ ಮಕ್ಕಳು ಯಾವ ತಿರುವಿನಲ್ಲಿ ರಸ್ತೆ ದಾಟುತ್ತಾರೆಂದು ದಿನವೂ ಕಾಣುವವರು ಎಲ್ಲರೂ ಶಿಸ್ತಾಗಿ ಸಾಲು ನಿಂತು ಬಣ್ಣ ಆರಿಸಿದರು. ಚರಂಡಿಯ ವಿಷಯ ಬರೆದಿದ್ದ ಒಂದು ಚೀಟಿಯನ್ನು 'ಇತರೆ' ಎಂಬ ಡಬ್ಬಿಗೆ ಹಾಕಿದರು. ಆ ಡಬ್ಬಿಗೆ ತಳವಿತ್ತೋ ಇಲ್ಲವೋ, ಬಗ್ಗಿ ನೋಡುವ ಧೈರ್ಯ ನನಗಾಗಲಿಲ್ಲ.

ಷೆರಿ ಆರ್ನ್‌ಸ್ಟೀನ್ ಎಂಬ ಅಮೆರಿಕದ ಮಹಿಳೆ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದ್ದರು. ತಳದ ಮೆಟ್ಟಿಲು ಜನರನ್ನು ಕೈಗೊಂಬೆಯಾಗಿಸುವುದು. ಅದರ ಮೇಲಿನದು ಚಿಕಿತ್ಸೆ, ಅಂದರೆ ತಪ್ಪು ಯೋಜನೆಯಲ್ಲಿಲ್ಲ, ಜನರ ಮನಸ್ಸಿನಲ್ಲಿದೆ ಎಂದುಕೊಂಡು ಅವರನ್ನೇ ಸರಿಪಡಿಸಲು ಹೊರಡುವುದು. ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಸಮಾಧಾನಪಡಿಸುವುದು ನಡುವಿನ ಮೆಟ್ಟಿಲುಗಳು, ಅವರ ಲೆಕ್ಕದಲ್ಲಿ ಬರೀ ತೋರಿಕೆಯವು. ಪಾಲುದಾರಿಕೆ, ಅಧಿಕಾರದ ಹಸ್ತಾಂತರ, ಜನರದೇ ಹಿಡಿತ ಇವು ಮೇಲಿನ ಮೂರು. ನಮ್ಮ ಸಭೆಯ ಮಟ್ಟಿಗೆ ಆ ಮೂರನ್ನೂ ದುರಸ್ತಿಗೆಂದು ಕಳಚಿಟ್ಟಿದ್ದಾರೆಂದು ತೋರುತ್ತದೆ. ಎರಡನೆಯ ಮೆಟ್ಟಿಲು ಮಾತ್ರ ಗಟ್ಟಿಯಾಗಿತ್ತು: ಅತ್ತವರಿಗೆಲ್ಲ ಅತ್ತು ಮುಗಿಸುವಷ್ಟು ಸಮಯ ಕೊಟ್ಟರು.

ಬ್ರೆಜಿಲ್‌ನ ಪೋರ್ತೊ ಅಲೆಗ್ರೆಯಲ್ಲಿ 1989ರಿಂದ ನಗರದ ಬಂಡವಾಳ ವೆಚ್ಚದ ಒಂದು ಪಾಲು ಎಲ್ಲಿಗೆ ಹೋಗಬೇಕೆಂಬುದನ್ನು ಬಡಾವಣೆಯ ಸಭೆಗಳಲ್ಲಿ ಜನರೇ ಚರ್ಚಿಸಿ ಗೊತ್ತುಮಾಡುವ ಪದ್ಧತಿ ಆರಂಭವಾಯಿತು. ಇಂಗ್ಲೆಂಡಿನಲ್ಲಿ 2011ರ ಕಾನೂನಿನ ಪ್ರಕಾರ ನಿವಾಸಿಗಳೇ ತಮ್ಮ ನೆರೆಹೊರೆಯ ಯೋಜನೆ ಬರೆಯಬಹುದು, ಸ್ಥಳೀಯ ಮತದಾನದಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ಅದು ಜಾರಿಗೂ ಬರುತ್ತದೆ. ಇದನ್ನು ಅಧಿಕಾರಿಗಳ ಗಮನಕ್ಕೆ ತಂದಾಗ ಅವರು ಮುಗುಳ್ನಕ್ಕು, "ಅಲ್ಲಿನ ಜನ ಬೇರೆ" ಎಂದರು. ಅಲ್ಲಿನ ಅಧಿಕಾರಿಗಳೂ ಬೇರೆಯೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ನಿಯಮ ಕೆಡಿಸುವವನು ಎಲ್ಲ ಬೀದಿಯಲ್ಲೂ ಒಬ್ಬನಿರುತ್ತಾನೆ. ನಮ್ಮ ಬೀದಿಯ ಹುಡುಗನೊಬ್ಬ ಅಳತೆಪಟ್ಟಿ ಹಿಡಿದು ರಸ್ತೆ ಅಳೆದು, ಯಾವ ನಿವೇಶನ ಸಂಖ್ಯೆಯ ಮುಂದಿನ ಯಾವ ಗೆರೆ ಎಷ್ಟು ಸರಿಯಬೇಕೆಂದು ಕಾರಣಸಹಿತ ಬರೆದು, ಸ್ವೀಕೃತಿಯ ಮುದ್ರೆ ಕೇಳಿದ. ತಿರಸ್ಕರಿಸುವುದಾದರೆ ಕಾರಣವನ್ನು ಬರವಣಿಗೆಯಲ್ಲೇ ಕೊಡಿ ಎಂದ. ಅಲ್ಲಿಯವರೆಗೆ ನಗುತ್ತಿದ್ದ ಕಚೇರಿ ಅಂದು ಮೊದಲ ಬಾರಿಗೆ ಗಾಬರಿಯಾಯಿತು. "ಬೇಡವೇ ಬೇಡ" ಎಂಬ ಘೋಷಣೆಗೆ "ಪರಿಶೀಲಿಸಲಾಗುವುದು" ಎಂಬ ಸಿದ್ಧ ಉತ್ತರವಿದೆ, ಸಂಖ್ಯೆಗೆ ಸಂಖ್ಯೆಯಿಂದಲೇ ಉತ್ತರಿಸಬೇಕು. ಇದನ್ನೇ ಸಮೀಕ್ಷೆಯ ಹಂತದಲ್ಲಿ ಹೇಳಬಾರದಿತ್ತೇ, ಆಗ ರಬ್ಬರಿನಲ್ಲಿ ಅಳಿಸಿದರೆ ಸಾಕಿತ್ತಲ್ಲ ಎಂದು ಅವರು ಅವನನ್ನೇ ಗದರಿದರು. ಸಮೀಕ್ಷೆ ಯಾವಾಗ ನಡೆಯಿತು ಎಂದು ಅವನು ಕೇಳಿದ್ದಕ್ಕೆ, ಅದರ ಪ್ರಕಟಣೆಯೂ ಅದೇ ಫಲಕದಲ್ಲಿತ್ತು ಎಂಬ ಉತ್ತರ ಬಂತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇಲ್ಲಿ ಬಾಗಿಲಿಗೆ ಬೀಗ ಮೊದಲೇ ಬಿದ್ದಿತ್ತು.

ಅವನ ಆಕ್ಷೇಪಣೆ ಇನ್ನೂ ಕಡತದಲ್ಲಿದೆ. ಹಾಜರಿ ಪುಸ್ತಕದ ನಮ್ಮ ಸಹಿಗಳು ಮಾತ್ರ ವರದಿಗೆ ಬೇಗ ತಲುಪಿ, ಅಲ್ಲಿ 'ಸಾರ್ವಜನಿಕರ ಸಹಮತ' ಎಂಬ ಶೀರ್ಷಿಕೆಯಡಿ ನೆಲೆಸಿವೆ. ಅಂತಿಮ ನಕ್ಷೆಯೂ ಬಂದಿದೆ. ಬೆಂಚು ಬಹುಮತದಂತೆ ಹಸಿರು ಬಣ್ಣದ್ದೇ. ಹುಡುಗ ಪಟ್ಟಿ ಇಟ್ಟು ಅಳೆದು, ಅದು ಬರುವುದು ಅಜ್ಜಿಯವರ ಅಡುಗೆಮನೆಯ ಒಲೆಯ ಪಕ್ಕಕ್ಕೆ ಎಂದು ತೋರಿಸಿಕೊಟ್ಟ. ಅಜ್ಜಿ ಕನ್ನಡಕ ತೆಗೆದು, "ನಾನು ನೀಲಿ ಬೇಕು ಅಂತ ಬರೆದಿದ್ದೆ" ಎಂದರು.